ಮೇಸ್ತ್ರಿ ಕಲಿಸಿದ ಧೈರ್ಯ

ನಾನು ಕಾಲೇಜಿನಲ್ಲಿ ಸಾಹಿತ್ಯ ಪಾಠ ಮಾಡುವವಳು. ಪ್ರತಿ ವರ್ಷ ಒಂದೇ ಪ್ರಶ್ನೆ ಕೇಳಿ ಮಕ್ಕಳ ಜೀವ ತಿನ್ನುತ್ತೇನೆ: ಕಥಾನಾಯಕನ ಕಣ್ಣು ತೆರೆಸಿದವರು ಯಾರು? ಹಳೆಯ ಕಥೆಗಳಲ್ಲಿ ಇದಕ್ಕೆ ಉತ್ತರ ಹುಡುಕಿಕೊಂಡು ಹೋಗಬೇಕಾಗಿಲ್ಲ. ನಾಯಕ ದಿಕ್ಕು ತೋಚದೆ ನಿಂತಿರುತ್ತಾನೆ, ಸರಿಯಾಗಿ ಆ ಹೊತ್ತಿಗೆ ಯಾರೋ ಒಬ್ಬ ಗುರು ಬರುತ್ತಾನೆ. ಒಂದು ಮಾತು ಹೇಳುತ್ತಾನೆ. ಆಮೇಲೆ ನಾಯಕ ಸಾಯುವ ತನಕ ಇಡೀ ಲೋಕವನ್ನು ಆ ಒಂದು ಮಾತಿನಿಂದಲೇ ಅಳೆಯುತ್ತಾನೆ. ಮಕ್ಕಳು ಇಷ್ಟನ್ನು ಬರೆದು ಪಾಸಾಗಿಬಿಡುತ್ತಾರೆ. ಶಿಷ್ಯ ಆ ಮಾತನ್ನು ತಪ್ಪಾಗಿ ಕಲಿತಿದ್ದರೆ ಗತಿ ಏನು ಮೇಡಂ ಅಂತ ಈವರೆಗೆ ಒಬ್ಬರೂ ಕೇಳಿಲ್ಲ. ಕೇಳಿದರೆ ಹೇಳುವುದಕ್ಕೆ ನನ್ನ ಹತ್ತಿರ ಯಾವ ಪುಸ್ತಕವೂ ಇಲ್ಲ. ನನ್ನ ಭಾವ ಇದ್ದಾರೆ.

ಭಾವ ಎಂದರೆ ನನ್ನ ಅಕ್ಕನ ಗಂಡ. ಆಸ್ಪತ್ರೆಗಳ ಹಾಸುಬಟ್ಟೆ, ಹೋಟೆಲುಗಳ ಮೇಜುಬಟ್ಟೆ, ಹಾಸ್ಟೆಲುಗಳ ಹೊದಿಕೆ ಎಲ್ಲವೂ ಮೂಟೆಮೂಟೆಯಾಗಿ ಬಂದು ಬೀಳುವ ದೊಡ್ಡ ಲಾಂಡ್ರಿಯಲ್ಲಿ ಬಾಯ್ಲರ್ ನೋಡಿಕೊಳ್ಳುವುದು ಅವರ ಕೆಲಸವಾಗಿತ್ತು. ಹಿಂಭಾಗದಲ್ಲಿ ಕಿಟಕಿಯೇ ಇಲ್ಲದ ಒಂದು ಕೋಣೆ, ಕೋಣೆ ತುಂಬ ಆ ಕಬ್ಬಿಣದ ಬಾಯ್ಲರ್. ಅದರಲ್ಲಿ ಹುಟ್ಟುವ ಹಬೆ ಕೊಳವೆಗಳಲ್ಲಿ ಹರಿದು ಗೋಡೆಯಾಚೆ ಇಸ್ತ್ರಿ ಕೋಣೆಯ ರೋಲರುಗಳನ್ನು ಕಾಯಿಸುತ್ತದೆ. ಒದ್ದೆ ಬಟ್ಟೆ ಈ ಕಡೆಯಿಂದ ಒಳಗೆ ಹೋಗಿ ಆ ಕಡೆಯಿಂದ ಗರಿಗರಿಯಾಗಿ ಹೊರಬರುತ್ತದೆ. ರೋಲರುಗಳ ಮುಂದೆ ಹೆಂಗಸರು ಸಾಲಾಗಿ ನಿಂತು ಬಟ್ಟೆ ಹಿಡಿಯುತ್ತಾರೆ. ಅವರಲ್ಲಿ ಒಬ್ಬಳಾಗಿದ್ದವಳು ಭಾವನ ಒಬ್ಬಳೇ ಮಗಳು. ಹುಟ್ಟಿದಾಗ ಅಂಗೈಯಷ್ಟಿದ್ದಳು ಅಂತ ಗುಬ್ಬಿ ಎಂದು ಕರೆದದ್ದು. ಈಗ ನನಗಿಂತ ಒಂದು ಗೇಣು ಎತ್ತರವಾಗಿದ್ದರೂ ಗುಬ್ಬಿಯೇ. ಅವಳು ನಿಲ್ಲುತ್ತಿದ್ದ ಜಾಗಕ್ಕೂ ಬಾಯ್ಲರಿಗೂ ನಡುವೆ ಇರುವುದು ಒಂದು ಇಟ್ಟಿಗೆ ಗೋಡೆ ಮಾತ್ರ. ಮುಟ್ಟಿದರೆ ಜ್ವರ ಬಂದವರ ಹಣೆಯ ಹಾಗೆ ಬೆಚ್ಚಗಿರುತ್ತದೆ.

ಭಾವ ಆ ಲಾಂಡ್ರಿಗೆ ಸೇರಿದ್ದು ಅಪ್ಪನನ್ನು ಕಳೆದುಕೊಂಡ ವರ್ಷ. ಆಗ ಅವರಷ್ಟು ಪುಕ್ಕಲು ಮನುಷ್ಯ ಇನ್ನೊಬ್ಬರಿರಲಿಲ್ಲವಂತೆ. ಬಾಗಿಲು ಜೋರಾಗಿ ಬಡಿದುಕೊಂಡರೆ ಜೀವ ಬಾಯಿಗೆ ಬರುತ್ತಿತ್ತು ಎಂದು ಅವರೇ ಹೇಳಿ ನಗುತ್ತಾರೆ. ಕೆಲಸಕ್ಕೆ ಸೇರಿದ ಮೊದಲ ದಿನವೇ ಬಾಯ್ಲರಿನ ಸೇಫ್ಟಿ ವಾಲ್ವ್ ಎದ್ದುಬಿಟ್ಟಿತು. ಮನೆಯ ಕುಕ್ಕರಿಗೆ ಸೀಟಿ ಹೇಗೋ ಬಾಯ್ಲರಿಗೆ ಅದು ಹಾಗೆ. ನೆತ್ತಿಯ ಮೇಲೆ ಒಂದು ವಾಲ್ವ್, ಅದನ್ನು ಅದುಮಿಕೊಂಡು ಅಡ್ಡಕ್ಕೆ ಒಂದು ಕಬ್ಬಿಣದ ಪಟ್ಟಿ, ಪಟ್ಟಿಯ ತುದಿಗೆ ಒಂದು ಗುಂಡು. ಒಳಗಿನ ಒತ್ತಡ ಮಿತಿ ಮೀರಿದರೆ ಹಬೆ ಆ ಗುಂಡನ್ನು ಎತ್ತಿ ಹೊರಗೆ ನುಗ್ಗುತ್ತದೆ. ಕುಕ್ಕರಿನ ಸೀಟಿಗೆ ಯಾರೂ ಬೆಚ್ಚಿಬೀಳುವುದಿಲ್ಲ. ಆದರೆ ಇದರ ಕೂಗು ಎರಡು ಬೀದಿಯಾಚೆಗೂ ಕೇಳುತ್ತದೆ. ಭಾವ ಕಾಲಿಗೆ ಬುದ್ಧಿ ಹೇಳಿದರು. ಬೀದಿಯ ತಿರುವಿನ ತನಕ ಓಡಿದವರನ್ನು ನೋಡಿ ಬಟ್ಟೆ ಹೊರುವವರೆಲ್ಲ ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗದೆ ಇದ್ದವರು ಒಬ್ಬರೇ, ಬಾಯ್ಲರ್ ಮೇಸ್ತ್ರಿ. ಅವರು ಬೀದಿಗೆ ಬಂದು ಭಾವನ ಕೈಹಿಡಿದು, ಅವಮಾನ ಮಾಡದೆ, ಬೈಯದೆ ಒಳಗೆ ಕರೆದುಕೊಂಡು ಹೋದರು. ಕೂಗುತ್ತಿರುವ ಬಾಯ್ಲರಿನ ಪಕ್ಕದಲ್ಲೇ ಕೂರಿಸಿ ತಮ್ಮ ಲೋಟದ ಟೀ ಕೊಟ್ಟರು. ಆಮೇಲೆ ಹೇಳಿದರು:

"ಅದು ಅಳುತ್ತೆ ಅಷ್ಟೆ ಕಣೋ. ಅಳೋದಕ್ಕೆಲ್ಲಾ ಯಾರಾದ್ರೂ ಓಡ್ತಾರಾ?"

ಆ ಒಂದು ಮಾತು ಭಾವನನ್ನು ಮನುಷ್ಯನನ್ನಾಗಿ ಮಾಡಿತು. ಇದನ್ನು ಒಪ್ಪಿಕೊಳ್ಳುವುದು ನನಗೆ ಕಷ್ಟ, ಆದರೂ ನಿಜ. ಒಂದು ವರ್ಷದೊಳಗೆ ಅವರ ನಡಿಗೆ ಬದಲಾಯಿತು, ದನಿ ಗಟ್ಟಿಯಾಯಿತು. ನನ್ನ ಅಕ್ಕ ಒಪ್ಪಿ ಮದುವೆಯಾದದ್ದು ಆ ಹೊಸ ಮನುಷ್ಯನನ್ನು. ಬಾಯ್ಲರಿನ ನೀರಿನ ಮಟ್ಟ ನೋಡುವುದು, ತಳದ ಕೆಸರು ಹೊರಗೆ ಬಿಡುವುದು, ಬೆಂಕಿಯ ಬಣ್ಣ ನೋಡಿ ಗಾಳಿ ಹೊಂದಿಸುವುದು, ಎಲ್ಲವನ್ನೂ ಮೇಸ್ತ್ರಿ ಪಕ್ಕದಲ್ಲಿಟ್ಟುಕೊಂಡು ಕಲಿಸಿದರು. ಸ್ವಂತ ಅಪ್ಪನೂ ಅಷ್ಟು ಕಲಿಸಿರಲಿಲ್ಲ ಎಂದು ಭಾವ ಈಗಲೂ ಹೇಳುತ್ತಾರೆ.

ಕಲಿಸಿದ್ದರಲ್ಲಿ ಇನ್ನೊಂದಿತ್ತು. ಬಟ್ಟೆಯ ಮೂಟೆಗಳು ವಿಪರೀತ ಬಂದ ದಿನ ರೋಲರುಗಳು ಬಿಸಿ ಸಾಲದೆ ತಿಣುಕಾಡುತ್ತವೆ. ಒತ್ತಡ ಏರಿಸಿದರೆ ಕೆಲಸ ಬೇಗ ಆಗುತ್ತದೆ, ಆದರೆ ವಾಲ್ವ್ ಕೂಗಿಕೊಂಡು ಹಬೆಯನ್ನೆಲ್ಲ ಹೊರಗೆ ಚೆಲ್ಲಿಬಿಡುತ್ತದೆ. ಅಂಥ ದಿನ ಮೇಸ್ತ್ರಿ ಒಂದು ಹಳೆಯ, ಮುಚ್ಚಳ ಕಿತ್ತುಹೋದ ಇದ್ದಿಲಿನ ಇಸ್ತ್ರಿಪೆಟ್ಟಿಗೆಯನ್ನು ತಂತಿಯಲ್ಲಿ ಕಟ್ಟಿ ಆ ಪಟ್ಟಿಯ ತುದಿಗೆ, ಗುಂಡಿನ ಪಕ್ಕ, ನೇತುಹಾಕುತ್ತಿದ್ದರು. ಭಾರ ಹೆಚ್ಚಾದ ಮೇಲೆ ವಾಲ್ವ್ ಏಳುವುದಿಲ್ಲ. ಇದಕ್ಕೆ ಅವರಲ್ಲಿ "ಬಾಯಿ ಮುಚ್ಚಿಸೋದು" ಎನ್ನುತ್ತಾರೆ. ಮಾಲೀಕರು ಇದನ್ನು ನೋಡಿದರೂ ನೋಡದವರ ಹಾಗೆ ಓಡಾಡುತ್ತಿದ್ದರು. ತಪಾಸಣೆಯವರು ಬಂದ ದಿನ ಪೆಟ್ಟಿಗೆ ಹಳೆ ಚೀಲದೊಳಗೆ ಸೇರುತ್ತಿತ್ತು.

ಪೆಟ್ಟಿಗೆ ನೇತಾಡುವ ದಿನಗಳಲ್ಲಿ ಮೇಸ್ತ್ರಿ ಬಾಯ್ಲರಿನ ಮುಂದಿನ ಸ್ಟೂಲ್ ಬಿಟ್ಟು ಏಳುತ್ತಿರಲಿಲ್ಲ. ವಯಸ್ಸಾಯಿತು, ಪಾಪ, ಕಾಲು ನೋವಿರಬೇಕು ಎಂದುಕೊಂಡು ಭಾವ ಅವರಿಗೆ ಊಟ, ಟೀ ಎಲ್ಲವನ್ನೂ ಅಲ್ಲಿಗೇ ತಂದುಕೊಡುತ್ತಿದ್ದರು. ಮೇಸ್ತ್ರಿಗೆ ಕಣ್ಣು ಮಂಜಾಗಿ ಕೆಲಸ ಬಿಟ್ಟ ಮೇಲೆ ಬಾಯ್ಲರ್ ಭಾವನ ಕೈಗೆ ಬಂತು. ಇವರಿಗೇನು ಕಾಲು ನೋವೇ? ಪೆಟ್ಟಿಗೆ ನೇತುಹಾಕಿ, ಬರ್ನರ್ ಏರಿಸಿ, ಕೈ ಕಟ್ಟಿಕೊಂಡು ಲಾಂಡ್ರಿಯನ್ನೆಲ್ಲ ಸುತ್ತಿ ಬರುತ್ತಿದ್ದರು. ಎದುರಿನ ಅಂಗಡಿಯಲ್ಲಿ ಟೀ ಕುಡಿದು, ನಾಲ್ಕು ಮಾತಾಡಿ, ಮತ್ತೆ ಹೋಗಿ ಒಮ್ಮೆ ಒತ್ತಡ ತೋರಿಸುವ ಮುಳ್ಳು ನೋಡುವುದು. "ನಿಮ್ಮ ಗುಂಡಿಗೆ ಗಟ್ಟಿ ಕಣ್ರೀ" ಎಂದು ಅಂಗಡಿಯವನು ಹೇಳಿದರೆ ಮನೆಗೆ ಬಂದು ಅಕ್ಕನ ಮುಂದೆ ಅದನ್ನು ಎರಡೆರಡು ಸಲ ಹೇಳುತ್ತಿದ್ದರು.

ಲಾಂಡ್ರಿಯ ಮಾತು ಲಾಂಡ್ರಿಯಲ್ಲೇ ಉಳಿದಿದ್ದರೆ ನಾನು ಈ ಕಥೆ ಬರೆಯುತ್ತಿರಲಿಲ್ಲ. ಭಾವ ಅದನ್ನು ಮನೆಗೂ ತಂದರು.

ಗುಬ್ಬಿ ಕೂಸಾಗಿದ್ದಾಗ ತೊಟ್ಟಿಲಲ್ಲಿ ಕಿರುಚಿಕೊಂಡರೆ ಅಕ್ಕ ಎದ್ದು ಓಡುವಂತಿರಲಿಲ್ಲ. "ಕೂತ್ಕೋ. ಅಳ್ತಾಳೆ ಅಷ್ಟೆ, ಸುಮ್ನಾಗ್ತಾಳೆ." ನಿಜವೇ, ಸುಮ್ಮನಾಗುತ್ತಿದ್ದಳು. ಸುಮ್ಮನಾಗುವುದೇ ವಾಸಿಯಾಗುವುದು ಎಂದು ಭಾವ ನಂಬಿದ್ದರು. ನೆರೆಯವರು ಜಗಳ ತಂದರೆ, ಮನೆಯ ಛಾವಣಿ ಸೋರಿದರೆ, ಯಾರಾದರೂ ಸತ್ತರೆ, ಎಲ್ಲದಕ್ಕೂ ಅದೇ ಔಷಧ. ನಾನೊಮ್ಮೆ ರೇಗಿ, "ಭಾವ, ಬಾಯ್ಲರಿಗೂ ಮನುಷ್ಯರಿಗೂ ವ್ಯತ್ಯಾಸಾನೇ ಇಲ್ವಾ ನಿಮಗೆ?" ಎಂದು ಕೇಳಿದೆ.

"ಏನಮ್ಮಾ ಮೇಷ್ಟ್ರೇ," ಎಂದರು. ನನ್ನನ್ನು ಅವರು ಕರೆಯುವುದೇ ಹಾಗೆ. "ನಿನ್ನ ಪುಸ್ತಕದ ವೀರರೆಲ್ಲ ಬರೀ ಅಳ್ತಾ ಕೂತಿರ್ತಾರಾ?"

ಅಕ್ಕನಿಗೆ ಹೊಟ್ಟೆನೋವು ಶುರುವಾದಾಗಲೂ ಹೀಗೇ ಆಯಿತು. ಬೆಳಿಗ್ಗೆ ಹೇಳಿದಳು, ಮಧ್ಯಾಹ್ನ ಹೇಳಿದಳು. ಮರುದಿನ ಗೋಡೆ ಹಿಡಿದುಕೊಂಡು ನಡೆಯುತ್ತಿದ್ದಳು. ಭಾವ ಬಿಸಿನೀರು ಕಾಯಿಸಿಕೊಟ್ಟು ಕೆಲಸಕ್ಕೆ ಹೋದರು, ಕೆಟ್ಟ ಮನಸ್ಸಿನಿಂದಲ್ಲ. ನಾನು ಹೋಗಿ ನೋಡುವಾಗ ಅಕ್ಕ ಅಡುಗೆಮನೆಯ ನೆಲದ ಮೇಲೆ ಮಡಚಿಕೊಂಡು ಬಿದ್ದಿದ್ದಳು. ಅಪೆಂಡಿಕ್ಸ್ ಒಡೆದು ಹೊಟ್ಟೆಯೆಲ್ಲ ಕೀವಾಗಿತ್ತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಭಾವನಿಗೆ ಎಲ್ಲರೆದುರೇ ಚೆನ್ನಾಗಿ ಮಂಗಳಾರತಿ ಮಾಡಿದರು. ಆಪರೇಷನ್ ಆಗಿ ಅಕ್ಕ ಉಳಿದಳು. ಆದರೆ ಆಮೇಲೆ ಅವಳು ಯಾವ ನೋವನ್ನೂ ಯಾರಿಗೂ ಹೇಳಲಿಲ್ಲ. "ನೋಡು, ನಿಮ್ಮಕ್ಕ ಈಗ ಎಷ್ಟು ಗಟ್ಟಿಯಾಗಿದ್ದಾಳೆ" ಎಂದು ಭಾವ ನನಗೆ ತೋರಿಸಿ ಹಿಗ್ಗಿದರು. ಆ ಮನೆಗೆ ಹೋದಾಗಲೆಲ್ಲ ನನಗೆ ಹೆದರಿಕೆಯಾಗುತ್ತಿತ್ತು. ಅಲ್ಲಿ ಯಾರೂ ನರಳುತ್ತಿರಲಿಲ್ಲ, ಗೊಣಗುತ್ತಿರಲಿಲ್ಲ, ಪಾತ್ರೆಯನ್ನೂ ಕುಕ್ಕುತ್ತಿರಲಿಲ್ಲ.

ಗುಬ್ಬಿ ಅಪ್ಪನ ಪಕ್ಕಾ ಶಿಷ್ಯೆ. ಸೈಕಲ್ಲಿನಿಂದ ಬಿದ್ದು ಮಣಿಕಟ್ಟು ಮುರಿದುಕೊಂಡು ಬಂದವಳು ಊಟ ಮುಗಿಯುವ ತನಕ ಬಾಯಿ ಬಿಡಲಿಲ್ಲ. ಕೈ ಬಲೂನಿನ ಹಾಗೆ ಊದಿದ್ದನ್ನು ನಾನೇ ಕಂಡುಹಿಡಿದದ್ದು. "ನೋವಾಗ್ತಿಲ್ವೇನೇ?" ಎಂದರೆ, "ಆಗುತ್ತೆ ಚಿಕ್ಕಮ್ಮ. ಅದಕ್ಕೇನೀಗ?" ಎಂದು ನಕ್ಕಳು. ಭಾವನ ಮುಖದಲ್ಲಿ ಆಗ ಕಂಡ ಹೆಮ್ಮೆಯನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ರಜೆಯಲ್ಲಿ ಅವಳನ್ನು ಬಾಯ್ಲರ್ ಕೋಣೆಗೆ ಕರೆದುಕೊಂಡು ಹೋಗಿ ಎಲ್ಲವನ್ನೂ ಕಲಿಸಿದರು. ಬಾಯ್ಲರ್ ನೋಡಿಕೊಳ್ಳುವವರ ಪರೀಕ್ಷೆಯನ್ನೂ ಕಟ್ಟಿಸಿದರು, ಅವಳು ಮೊದಲ ಸಲಕ್ಕೇ ಪಾಸಾದಳು. ಇರುವ ಒಂದು ಬಾಯ್ಲರಿಗೆ ಅಪ್ಪ ಇದ್ದಾರಲ್ಲ, ಹಾಗಾಗಿ ಸದ್ಯಕ್ಕೆ ಅಂತ ಇಸ್ತ್ರಿ ಕೋಣೆಗೆ ಸೇರಿಕೊಂಡಳು.

ಮೇಸ್ತ್ರಿಯನ್ನು ಭಾವ ಮರೆಯಲಿಲ್ಲ. ವಾರದ ರಜೆಯ ದಿನ ತಪ್ಪದೆ ಅವರ ಕೋಣೆಗೆ ಹೋಗಿ ಗಡ್ಡ ಹೆರೆದು, ಉಗುರು ಕತ್ತರಿಸಿ, ಬೆನ್ನು ಉಜ್ಜಿ ಸ್ನಾನ ಮಾಡಿಸಿ ಬರುತ್ತಿದ್ದರು. ಇಬ್ಬರೂ ಬಾಯ್ಲರಿನ ಮಾತು ಆಡುತ್ತಿರಲಿಲ್ಲವಂತೆ. ಗೊತ್ತಿರುವುದನ್ನು ಏನು ಮಾತಾಡುವುದು? ಕಳೆದ ವರ್ಷ ಮೇಸ್ತ್ರಿಗೆ ಉಸಿರಾಟದ ತೊಂದರೆ ಹೆಚ್ಚಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು.

ಒಂದು ಮಧ್ಯಾಹ್ನ ಆಸ್ಪತ್ರೆಯಿಂದ ಭಾವನಿಗೆ ಫೋನು ಬಂತು. ಮೇಸ್ತ್ರಿ ನಿಮ್ಮನ್ನೇ ಕೇಳುತ್ತಿದ್ದಾರೆ, ಬೇಗ ಬಂದರೆ ಒಳ್ಳೆಯದು ಎಂದು ನರ್ಸು ಹೇಳಿದಳು. ಅವತ್ತು ಲಾಂಡ್ರಿಯಲ್ಲಿ ಎರಡು ಆಸ್ಪತ್ರೆಗಳ ಬಟ್ಟೆ ಒಟ್ಟಿಗೆ ಬಂದು ಬಿದ್ದಿತ್ತು. ಇಸ್ತ್ರಿಪೆಟ್ಟಿಗೆ ನೇತಾಡುತ್ತಿತ್ತು, ಬರ್ನರ್ ಪೂರ್ತಿ ಏರಿತ್ತು. ಭಾವ ಒಮ್ಮೆ ಮುಳ್ಳು ನೋಡಿದರು, ನೀರು ನೋಡಿದರು, ಹೋಗಿ ಬಂದುಬಿಡೋಣ ಎಂದುಕೊಂಡು ಹೊರಟರು. ಟೀ ಅಂಗಡಿಗೆ ಹೋಗಿ ಬರುವುದಕ್ಕೂ ಇದಕ್ಕೂ ಅವರಿಗೆ ದೊಡ್ಡ ವ್ಯತ್ಯಾಸ ಕಾಣಲಿಲ್ಲ. ನನ್ನ ಕಾಲೇಜು ಆ ಆಸ್ಪತ್ರೆಯ ಹತ್ತಿರವೇ. ದಾರಿಯಲ್ಲಿ ನನಗೆ ಫೋನು ಮಾಡಿ, "ಮೇಷ್ಟ್ರೇ, ನೀನೂ ಬಾ. ಯಾಕೋ ಒಬ್ಬನೇ ನೋಡೋಕೆ ಆಗಲ್ಲ" ಎಂದರು. ಆ ಮನುಷ್ಯ ಹಾಗೆ ಹೇಳಿದ್ದು ಅದೇ ಮೊದಲು. ನಾನು ಪಾಠ ಅರ್ಧಕ್ಕೆ ಬಿಟ್ಟು ಓಡಿದೆ.

ಮೇಸ್ತ್ರಿ ವಾರ್ಡಿನ ಮೂಲೆಯ ಹಾಸಿಗೆಯಲ್ಲಿದ್ದರು. ಮುಖಕ್ಕೆ ಆಮ್ಲಜನಕದ ಮಾಸ್ಕು. ದೇಹದಲ್ಲಿ ಎಲುಬು ಬಿಟ್ಟರೆ ಏನೂ ಉಳಿದಿರಲಿಲ್ಲ. ಕಣ್ಣು ಮಂಜಾಗಿದ್ದರೂ ಭಾವನ ಕೈಯ ಒರಟು ಮುಟ್ಟಿದ ಕೂಡಲೇ ಗುರುತು ಹಿಡಿದರು. ಮಾಸ್ಕನ್ನು ಕೆಳಗೆ ಎಳೆದುಕೊಂಡು, "ಕೆಲ್ಸದ ಹೊತ್ತಲ್ಲಿ ಬಂದಿದ್ದೀಯ. ಬೆಂಕಿ ಆರಿಸಿ ಬಂದ್ಯೇನೋ?" ಎಂದು ಕೇಳಿದರು.

"ಇಲ್ಲ ಮೇಸ್ತ್ರಿ, ಉರೀತಾ ಇದೆ. ಇವತ್ತು ಬಟ್ಟೆ ಜಾಸ್ತಿ. ಪೆಟ್ಟಿಗೆ ನೇತುಹಾಕೇ ಬಂದೆ," ಎಂದರು ಭಾವ, ಪಾಠ ಒಪ್ಪಿಸುವ ಜಾಣ ವಿದ್ಯಾರ್ಥಿಯ ದನಿಯಲ್ಲಿ.

ಮೇಸ್ತ್ರಿಯ ಕೈ ಭಾವನ ಕೈಯ ಮೇಲೆ ಬಿಗಿಯಾಯಿತು. "ಯಾರು ಕೂತಿದ್ದಾರೆ?"

"ಎಲ್ಲಿ?"

"ಸ್ಟೂಲ್ ಮೇಲೆ ಕಣೋ. ಯಾರನ್ನ ಕೂರಿಸಿ ಬಂದೆ?"

"ಯಾರನ್ನೂ ಇಲ್ಲ. ಯಾಕೆ ಕೂರ್ಬೇಕು?"

"ನಾನು ಕೂರ್ತಿದ್ನಲ್ಲೋ."

"ನಿಮಗೆ ಕಾಲು ನೋವಿತ್ತು, ಕೂರ್ತಿದ್ರಿ."

"ಕಾಲು ನೋವು ಯಾರಿಗಿತ್ತು?" ಮೇಸ್ತ್ರಿಗೆ ಏದುಸಿರು ಬಂತು. ನಾನು ಮಾಸ್ಕು ಹಾಕಲು ಹೋದರೆ ನನ್ನ ಕೈ ತಳ್ಳಿದರು. "ಪೆಟ್ಟಿಗೆ ನೇತುಹಾಕಿದ ದಿನ ನಾನು ಮೂತ್ರಕ್ಕೂ ಎದ್ದಿಲ್ಲ ಕಣೋ. ಮುಳ್ಳಿನ ಮೇಲೆ ಕಣ್ಣು, ಪೆಟ್ಟಿಗೆ ಮೇಲೆ ಕೈ. ಅದರ ಬಾಯಿ ಮುಚ್ಚಿಸಿದ ಮೇಲೆ ಅದರ ಕೆಲ್ಸ ನಾನು ಮಾಡ್ಬೇಕಲ್ವೇನೋ? ನೀನು ಕೂರಲ್ವಾ?"

"ನೀವು ಹೇಳಲೇ ಇಲ್ಲ," ಎಂದರು ಭಾವ.

"ಹೇಳೋದೇನು? ದಿನಾ ನಿನ್ನ ಕಣ್ಣೆದುರಿಗೇ ಕೂತಿದ್ನಲ್ಲ."

"ಅದು ಅಳುತ್ತೆ ಅಷ್ಟೆ ಅಂದಿದ್ರಿ, ಮೇಸ್ತ್ರಿ. ನೀವೇ ಅಂದಿದ್ರಿ."

"ಬೀದೀಲಿ ಓಡ್ತಾ ಇದ್ಯಲ್ಲೋ ನೀನು. ಜನ ನಗ್ತಿದ್ರು. ಹೇಗಾದ್ರೂ ನಿಲ್ಲಿಸ್ಬೇಕಿತ್ತು, ಒಂದು ಮಾತು ಅಂದೆ." ಮೇಸ್ತ್ರಿ ಆ ಮಂಜುಗಣ್ಣಿನಿಂದ ಭಾವನ ಮುಖವನ್ನು ಹುಡುಕಿದರು. "ಇಷ್ಟು ವರ್ಷ ಅದನ್ನೇ ಇಟ್ಕೊಂಡು ಬದುಕಿದ್ಯಾ? ಹೋಗು. ಇಲ್ಲಿ ನಿಲ್ಬೇಡ. ಹೋಗೋ!"

ಆಟೋದಲ್ಲಿ ಕೂತ ಮೇಲೆ ಭಾವ ಗುಬ್ಬಿಗೆ ಫೋನು ಮಾಡುತ್ತಲೇ ಇದ್ದರು. ಇಸ್ತ್ರಿ ಕೋಣೆಯ ಹೆಂಗಸರು ಕೆಲಸದ ಹೊತ್ತಿನಲ್ಲಿ ಫೋನನ್ನು ಬಾಗಿಲ ಪಕ್ಕದ ಗೂಡಿನಲ್ಲಿ ಇಡಬೇಕು, ಅದು ಮಾಲೀಕರ ಕಟ್ಟಪ್ಪಣೆ. ಆಫೀಸಿನ ಫೋನನ್ನು ಯಾರೂ ಎತ್ತಲಿಲ್ಲ. "ಬೇಗ ಹೋಗಪ್ಪ" ಎಂದು ನಾನು ಆಟೋದವನಿಗೆ ಹೇಳಿದ್ದು ಅದೆಷ್ಟು ಸಲವೋ. ಎಲ್ಲ ಸಿಗ್ನಲ್ಲಿನಲ್ಲೂ ಕೆಂಪು ದೀಪ. ಭಾವ ತಲೆಯನ್ನು ಹೊರಗೆ ಚಾಚಿ, ಲಾಂಡ್ರಿ ಇರುವ ದಿಕ್ಕಿಗೆ ಕಿವಿಗೊಟ್ಟು ಕೂತಿದ್ದರು. ಆ ದಿಕ್ಕಿನಿಂದ ಏನೂ ಕೇಳಿಸುತ್ತಿರಲಿಲ್ಲ.

ಲಾಂಡ್ರಿಯ ಮುಂದಿನ ಬೀದಿಯಲ್ಲಿ ಇಸ್ತ್ರಿ ಕೋಣೆಯ ಹೆಂಗಸರೆಲ್ಲ ಗುಂಪಾಗಿ ನಿಂತಿದ್ದರು. ಗೋಡೆ ನಡುಗುತ್ತಿತ್ತಂತೆ. ಕೊಳವೆಯ ಒಂದು ಕೀಲಿನಿಂದ ಹಬೆ ಸುಯ್ಯೆಂದು ಚಿಮ್ಮಿ ಒಬ್ಬಾಕೆಯ ಸೆರಗಿಗೆ ತಾಗಿದ್ದೇ ತಡ, ಎಲ್ಲರೂ ಬಟ್ಟೆ ಬಿಸಾಕಿ ಹೊರಗೆ ಬಂದಿದ್ದರು. ಭಾವ ಆ ಮುಖಗಳನ್ನು ಒಂದೊಂದಾಗಿ ನೋಡಿದರು.

"ನನ್ನ ಮಗಳೆಲ್ಲಿ?"

"ಒಳಗಿದ್ದಾಳೆ ಅಣ್ಣ," ಎಂದಳು ಸೆರಗು ಸುಟ್ಟುಕೊಂಡವಳು. "ಬಾರೇ ಅಂತ ಎಳೆದೆ. ಬರಲಿಲ್ಲ. ಅಳೋದಕ್ಕೆಲ್ಲಾ ಯಾರಾದ್ರೂ ಓಡ್ತಾರಾ ಅಂತ ನಮ್ಮನ್ನೇ ನೋಡಿ ನಕ್ಕಳು."

ಭಾವ ಒಳಗೆ ನುಗ್ಗಿದರು. ನಾನೂ ಹಿಂದೆಯೇ ಹೋದೆ, ಬಾಗಿಲ ತನಕ. ಕೋಣೆಯಲ್ಲಿ ಹಬೆ ಮುಸುಕಿತ್ತು. ನೆಲ ಪಾದದಡಿಯಲ್ಲಿ ಗುಂಯ್ಗುಡುತ್ತಿತ್ತು. ಅಷ್ಟು ದೊಡ್ಡ ಕೋಣೆಯಲ್ಲಿ ಗುಬ್ಬಿ ಒಬ್ಬಳೇ ರೋಲರಿನ ಮುಂದೆ ನಿಂತು, ಹೊರಬರುತ್ತಿದ್ದ ಹಾಸುಬಟ್ಟೆಯನ್ನು ಹಿಡಿದು ಮಡಚುತ್ತಿದ್ದಳು. ಅವಳ ಬೆನ್ನಿಗೇ ಆ ಗೋಡೆ.

"ಗುಬ್ಬೀ, ಓಡು! ಹೊರಗೆ ಓಡು!"

"ಇನ್ನೊಂದೇ ಮೂಟೆ ಅಪ್ಪ. ಮುಗಿಸಿ ಬರ್ತೀನಿ."

"ಓಡೇ! ಒಡೆಯುತ್ತೆ ಅದು!"

ಅವಳು ತಿರುಗಿ ಅಪ್ಪನನ್ನು ನೋಡಿದಳು. ಅಂಥ ದನಿಯನ್ನು ಅವಳು ಆ ಬಾಯಿಂದ ಕೇಳಿರಲಿಲ್ಲ. ಹೆದರುತ್ತಾಳೆ, ಈಗಲಾದರೂ ಹೆದರುತ್ತಾಳೆ ಎಂದುಕೊಂಡೆ. ಅವಳ ಮುಖದಲ್ಲಿ ಕಂಡದ್ದು ನಾಚಿಕೆ. ಬೀದಿಯಲ್ಲಿ ನಿಂತವರಿಗೆ ಕೇಳಿಸೀತು ಎನ್ನುವ ನಾಚಿಕೆ. ಭಾವ ಅವಳ ರಟ್ಟೆ ಹಿಡಿದು ದರದರ ಎಳೆದುಕೊಂಡು ಬಂದು ನನ್ನ ಮೈಮೇಲೆ ನೂಕಿದರು, ವಾಪಸು ಓಡಿದರು, ಬಾಯ್ಲರ್ ಕೋಣೆಯ ಕಡೆಗೆ.

ಅಕ್ಕನ ಮುಖಕ್ಕೆ ಏನು ಉತ್ತರ ಹೇಳಲಿ ಎಂಬುದೊಂದೇ ನನ್ನ ತಲೆಯಲ್ಲಿತ್ತು. ಬೀದಿಯಾಚೆ ನಿಂತು ಗುಬ್ಬಿಯ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದೆ. ಅವಳು ಕೊಸರಾಡುತ್ತಿದ್ದಳು. ಭಾವ ಆಮೇಲೆ ಹೇಳಿದ ಹಾಗೆ, ಒಳಗೆ ಅವರು ಬರ್ನರ್ ಆರಿಸಿದರು. ಪೆಟ್ಟಿಗೆಯನ್ನು ಮುಟ್ಟಲಿಲ್ಲ. ಅಷ್ಟು ಏರಿದ ಮೇಲೆ ತಟ್ಟನೆ ಭಾರ ಎತ್ತಿದರೆ ಅದೇ ಮುಳುವಾಗಬಹುದಂತೆ. ಸ್ಟೂಲ್ ಎಳೆದುಕೊಂಡು ಮುಳ್ಳಿನ ಮುಂದೆ ಕೂತರು. ಕೆಂಪು ಗೆರೆಯ ಬಹಳ ಆಚೆಗೆ ಹೋಗಿ ತಡೆಗೂಟಕ್ಕೆ ಒತ್ತಿಕೊಂಡಿದ್ದ ಮುಳ್ಳು ಮೊದಲು ಕದಲಲೇ ಇಲ್ಲ. ಆಮೇಲೆ ನಿಧಾನಕ್ಕೆ, ಬಹಳ ನಿಧಾನಕ್ಕೆ ಕೆಳಗೆ ಬರತೊಡಗಿತು. ಕೊಳವೆಯ ಸುಯ್ಲು ನಿಂತಿತು. ಬಾಯ್ಲರ್ ತಣ್ಣಗಾಯಿತು.

ಏನೂ ಆಗಲಿಲ್ಲ. ಒಂದು ಇಟ್ಟಿಗೆಯೂ ಬೀಳಲಿಲ್ಲ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡು ಪೆಚ್ಚುಪೆಚ್ಚಾಗಿ ನಕ್ಕು ಒಳಗೆ ಹೋದರು. ಆ ಹೊತ್ತಿಗೆ ಆಸ್ಪತ್ರೆಯಲ್ಲಿ ಮೇಸ್ತ್ರಿ ತೀರಿಕೊಂಡಿದ್ದರು.

ಮೇಸ್ತ್ರಿಯನ್ನು ಕಳಿಸಿಕೊಟ್ಟು ಬಂದ ಮೇಲೆ ಭಾವ ಮಾಲೀಕರ ಮುಂದೆ ನಿಂತು, ಇನ್ನು ಮೇಲೆ ಪೆಟ್ಟಿಗೆ ನೇತುಹಾಕುವುದಿಲ್ಲ ಎಂದರು. "ಇಷ್ಟು ದಿನ ಇಲ್ಲದ್ದು ಈಗೇನ್ರೀ?" ಎಂದು ಮಾಲೀಕರಿಗೆ ಆಶ್ಚರ್ಯ. ಭಾವ ಬಿಡಿಸಿ ಹೇಳಿದರು. ಮಾಲೀಕರು ಸಮಾಧಾನದಿಂದಲೇ ಕೇಳಿಸಿಕೊಂಡು, "ಆದದ್ದಾದರೂ ಏನು? ಏನೂ ಆಗಲಿಲ್ಲವಲ್ಲ. ನಿಮಗೆ ವಯಸ್ಸಾಯ್ತು, ಮನೇಲಿ ಆರಾಮಾಗಿರಿ" ಎಂದರು. ಅಲ್ಲಿಗೆ ನಿಲ್ಲಿಸಲಿಲ್ಲ. ಪರೀಕ್ಷೆ ಪಾಸಾದ, ಅಪ್ಪನ ಕೈಯಲ್ಲೇ ಪಳಗಿದ, ಎಲ್ಲರೂ ಓಡಿದಾಗ ಒಬ್ಬಳೇ ನಿಂತು ಕೆಲಸ ಮಾಡಿದ ಹುಡುಗಿ ಲಾಂಡ್ರಿಯಲ್ಲೇ ಇದ್ದಾಳಲ್ಲ ಎಂದು ಬಾಯ್ಲರನ್ನು ಗುಬ್ಬಿಯ ಕೈಗೆ ಕೊಟ್ಟರು.

ತಪಾಸಣೆಯವರಿಗೆ ದೂರು ಕೊಡುವುದಕ್ಕೆ ಭಾವನೂ ನಾನೂ ಹೋಗಿದ್ದೆವು. ಅವರು ಬಂದು ನೋಡಿದಾಗ ವಾಲ್ವಿನ ಮೇಲೆ ಗುಂಡು ಮಾತ್ರ ಇತ್ತು. ಎಲ್ಲ ಸರಿಯಾಗಿದೆ ಎಂದು ಬರೆದುಕೊಟ್ಟು ಹೋದರು. ಪೆಟ್ಟಿಗೆಯನ್ನು ಚೀಲದೊಳಗೆ ಇಟ್ಟವಳು ಗುಬ್ಬಿಯೇ, ಅವಳೇ ಹೇಳಿದಳು.

ಅವಳು ಬಾಯ್ಲರ್ ಕೆಲಸಕ್ಕೆ ಹೊರಟ ಮೊದಲ ಬೆಳಿಗ್ಗೆ ನಾನು ಆ ಮನೆಯಲ್ಲಿದ್ದೆ. ಅಕ್ಕ ಬಾಗಿಲಿಗೆ ಅಡ್ಡ ನಿಂತಿದ್ದಳು. ಹೊಟ್ಟೆ ಕೊಯ್ಯಿಸಿಕೊಂಡ ಮೇಲೆ ಸೊಲ್ಲೆತ್ತದವಳು ಅವತ್ತು ಗೋಳೋ ಎಂದು ಅತ್ತಳು. "ಬೇಡ ಕಣೇ. ನಿನ್ನ ಕಾಲಿಗೆ ಬೀಳ್ತೀನಿ, ಹೋಗ್ಬೇಡ" ಎಂದು ಬಾಗಿಲುಕಂಬ ತಬ್ಬಿಕೊಂಡಳು. ಗುಬ್ಬಿ ಅಮ್ಮನ ಬೆನ್ನು ಸವರಿದಳು, ಪ್ರೀತಿಯಿಂದಲೇ. ಅಪ್ಪನ ಕಡೆ ತಿರುಗಿ, "ನೀನು ಗಾಬರಿ ಆಗ್ಬೇಡಪ್ಪ. ಸ್ವಲ್ಪ ಹೊತ್ತು ಅಳ್ತಾಳೆ, ಆಮೇಲೆ ಸುಮ್ನಾಗ್ತಾಳೆ," ಎಂದಳು.

ಭಾವ ನನ್ನನ್ನು ನೋಡಿದರು. "ನೀನಾದ್ರೂ ಹೇಳು ಮೇಷ್ಟ್ರೇ. ಅಷ್ಟು ಜನಕ್ಕೆ ಪಾಠ ಹೇಳ್ತೀಯ."

ಹೇಳಿದೆ. ಬೈದೆ, ಬೇಡಿಕೊಂಡೆ, ಇನ್ನೇನು ಹೊಡೆದೇಬಿಡುತ್ತಿದ್ದೆ. ಅವಳು ತಾಳ್ಮೆಯಿಂದ ಕೇಳಿಸಿಕೊಂಡು, "ಚಿಕ್ಕಮ್ಮ, ಈ ಕೆಲ್ಸ ನನಗೆ ಕಲಿಸಿದ್ದು ಅಪ್ಪ. ನೀನಲ್ಲ," ಎಂದಳು.

ಆಗ ಭಾವ ಮಗಳ ಎರಡೂ ಕೈ ಹಿಡಿದುಕೊಂಡರು. "ಆಯ್ತು, ಹೋಗು. ಒಂದು ಮಾತು ನಡೆಸಿಕೊಡು. ಅವರು ಪೆಟ್ಟಿಗೆ ನೇತುಹಾಕು ಅಂದ್ರೆ ಆಗಲ್ಲ ಅನ್ನು. ಬಲವಂತ ಮಾಡಿ ಹಾಕಿಸಿದ್ರೆ ಅದರ ಮುಂದೆ ಕೂತ್ಕೋ. ಜಪ್ಪಯ್ಯ ಅಂದ್ರೂ ಏಳ್ಬೇಡ. ನಾನು ತಪ್ಪು ಕಲಿಸಿಬಿಟ್ಟೆ ಕಣಮ್ಮ ನಿನಗೆ."

ಗುಬ್ಬಿಗೆ ಅಪ್ಪನನ್ನು ನೋಡಿ ನಿಜಕ್ಕೂ ಕನಿಕರವಾಯಿತು. ಕಾಯಿಲೆಯವರನ್ನು ಮಾತಾಡಿಸುವ ಹಾಗೆ ಮೆತ್ತಗೆ ಕೇಳಿದಳು:

"ಇಷ್ಟು ವರ್ಷ ಪೆಟ್ಟಿಗೆ ಹಾಕಿ ನೀನು ಊರೆಲ್ಲ ಓಡಾಡಿದ್ಯಲ್ಲಪ್ಪ. ಏನಾಯ್ತು, ಹೇಳು?"

ಭಾವ ಬಾಯಿ ತೆರೆದರು. ತೋರಿಸುವುದಕ್ಕೆ ಅವರ ಮೈಮೇಲೆ ಒಂದು ಸುಟ್ಟ ಗಾಯದ ಗುರುತೂ ಇರಲಿಲ್ಲ.

"ಏನೂ ಆಗ್ಲಿಲ್ಲ," ಎಂದರು.

"ಮತ್ತೆ?" ಎಂದಳು ಗುಬ್ಬಿ. ಅಮ್ಮನ ಕೈಯನ್ನು ಬಾಗಿಲುಕಂಬದಿಂದ ಮೆಲ್ಲಗೆ ಬಿಡಿಸಿ, ಚಪ್ಪಲಿ ಮೆಟ್ಟಿಕೊಂಡು ಕೆಲಸಕ್ಕೆ ಹೋದಳು.